ಬಾಗಿಲ ಸಂದಿಯ ಕಾಗದಗಳೂ ನಮ್ಮ ಕಾಕಾನೂ

ಬರೋಡಾದಲ್ಲಿ ಎಲ್ಲರೂ ಅಂಗಡಿಗೆ ಹೋಗುವುದು ಏನಾದರೂ ತರುವುದಕ್ಕೆ. ನಮ್ಮ ಕಾಕಾ ಹೋಗುವುದು ಕೊಟ್ಟು ಬರುವುದಕ್ಕೆ! ಇಷ್ಟು ಕೇಳಿದ ಕೂಡಲೇ ಅವರನ್ನು ಕರ್ಣನ ವಂಶದವರೆಂದು ತಿಳಿದು ಕೈಮುಗಿಯಬೇಡಿ. ಬಂದ ನೆಂಟರಿಗೆ ಎರಡನೆಯ ಸಲ ಚಹಾ ಬೇಕೇ ಎಂದು ಕೇಳುವ ಮೊದಲು ಹಾಲಿನ ಪಾತ್ರೆಯೊಳಗೆ ಬಗ್ಗಿ ನೋಡುವ ಮನುಷ್ಯ ಅವರು. ಅಂಗಡಿಯವರಿಗೆ ಅವರು ಕೊಟ್ಟು ಬರುವುದು ಅಂಗಡಿಯವರದೇ ಸಾಮಾನನ್ನು. ದಿನಪತ್ರಿಕೆಯ ಹೊಟ್ಟೆಯಿಂದ ಉದುರಿದ, ಬಾಗಿಲ ಸಂದಿಗೆ ಸಿಕ್ಕಿಸಿ ಹೋದ, ಟಪಾಲು ಡಬ್ಬಿಗೆ ತುರುಕಿದ, ಸ್ಕೂಟರಿನ ಹ್ಯಾಂಡಲಿಗೆ ಸುತ್ತಿಟ್ಟ ಜಾಹೀರಾತಿನ ಕಾಗದಗಳನ್ನೆಲ್ಲ ಒಂದು ಬಟ್ಟೆಯ ಚೀಲಕ್ಕೆ ಹಾಕಿಕೊಂಡು, ಆಯಾ ಅಂಗಡಿಯ ಮೆಟ್ಟಿಲು ಹತ್ತಿ, "ಇದನ್ನ ನಮ್ಮ ಮನೆಯಲ್ಲಿ ಮರೆತು ಹೋಗಿದ್ದೀರಿ, ತೆಗೆದುಕೊಳ್ಳಿ" ಎಂದು ಗುಜರಾತಿಯಲ್ಲಿ ಹೇಳಿ ಗಲ್ಲಾದ ಮೇಲೆ ಇಟ್ಟು ಬರುತ್ತಾರೆ. ಗುಜರಾತಿ ಅಂದರೆ ಧಾರವಾಡದ ರಾಗದ ಗುಜರಾತಿ. ಕೇಳಿದವರಿಗೆ ಬೈಯುತ್ತಿದ್ದಾರೋ ಹರಸುತ್ತಿದ್ದಾರೋ ತಿಳಿಯುವುದಿಲ್ಲ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಗುಜರಾತಿನಲ್ಲಿ ತಲೆ ಬೆಳ್ಳಗಾದ ಗಂಡಸರನ್ನೆಲ್ಲ ಜನ 'ಕಾಕಾ' ಎಂದೇ ಕರೆಯುವುದರಿಂದ ಅವರು ಈಗ ಊರಿಗೇ ಕಾಕಾ. ನೌಕರಿಯ ಕಾಲವನ್ನೆಲ್ಲ ಕೊಯಾಲಿಯ ರಿಫೈನರಿಯ ಬಾಯ್ಲರುಗಳ ಮುಂದೆ ಕಳೆದು, ನಿವೃತ್ತರಾದ ಮೇಲೆ ಮಂಜಲ್‌ಪುರದಲ್ಲಿ ಒಂದು ಫ್ಲಾಟು ಕೊಂಡು ಹೆಂಡತಿಯೊಡನೆ, ಅಂದರೆ ನಮ್ಮ ಕಾಕುವಿನೊಡನೆ, ನೆಲೆಸಿದ್ದಾರೆ. ನಾನು ಅಲ್ಲೇ ಹತ್ತಿರದ ಮಕರ್‌ಪುರದ ಕಾರ್ಖಾನೆಯೊಂದರಲ್ಲಿ ಪಂಪುಗಳ ಗುಣಮಟ್ಟ ನೋಡುವವಳು. ಗೆಳತಿಯರೊಡನೆ ಪಕ್ಕದ ಓಣಿಯಲ್ಲಿ ರೂಮು ಮಾಡಿಕೊಂಡಿದ್ದೇನೆ. ರವಿವಾರ ಕಾಕುವಿನ ರೊಟ್ಟಿ, ಎಣ್ಣೆಗಾಯಿ ನನ್ನನ್ನು ಆ ಮನೆಗೆ ಎಳೆದೊಯ್ಯುತ್ತವೆ. ಆದ್ದರಿಂದ ಮುಂದೆ ಹೇಳುವುದಕ್ಕೆಲ್ಲ ನಾನು ಕಣ್ಣಾರೆ ಸಾಕ್ಷಿ. ರೊಟ್ಟಿ ತಿನ್ನುತ್ತ ನೋಡಿದ ಸಾಕ್ಷಿ ಎಂದು ಬೇಕಾದರೆ ಬರೆದುಕೊಳ್ಳಿ.

ರಿಫೈನರಿಯ ಟೌನ್‌ಶಿಪ್ಪಿನಲ್ಲಿದ್ದಷ್ಟು ದಿನ ಕಾಕಾಗೆ ಈ ಕಾಟವಿರಲಿಲ್ಲ. ಗೇಟಿನ ಸೆಕ್ಯುರಿಟಿಯವರು ಸೊಳ್ಳೆಯನ್ನೂ ಪಾಸು ಕೇಳದೆ ಒಳಗೆ ಬಿಡುತ್ತಿರಲಿಲ್ಲ. ಮಂಜಲ್‌ಪುರದ ಮೊದಲ ಬೆಳಿಗ್ಗೆ ಪತ್ರಿಕೆಯನ್ನು ಬಿಡಿಸಿದರೆ ದಂತವೈದ್ಯರು, ಗಾದಿ ಅಂಗಡಿ, ಕೋಚಿಂಗ್ ಕ್ಲಾಸು, ಗರ್ಬಾ ಕುಣಿತ ಕಲಿಸುವವರು, ಎಲ್ಲ ಒಟ್ಟಿಗೇ ಅವರ ತೊಡೆಯ ಮೇಲೆ ಉದುರಿದರು. ಕಾಕಾ ಪತ್ರಿಕೆಯನ್ನು ಒಂದು ಕೈಯಲ್ಲಿ, ಉದುರಿದ ಕಾಗದಗಳನ್ನು ಇನ್ನೊಂದು ಕೈಯಲ್ಲಿ ಹಿಡಿದು ತೂಗಿ ನೋಡಿದರು.

"ನಾ ಪೇಪರ್ ಹಾಕ್ಸೀನೋ, ಪಾಂಪ್ಲೆಟ್ ಹಾಕಿಸಿದ್ದಕ್ಕ ಪೇಪರ್ ಫ್ರೀ ಬಂದೈತೋ?"

ಅಂದಿನಿಂದ ಯುದ್ಧ ಶುರು. ಊಟಕ್ಕೆ ಕೂತರೆ ಸಾಕು, ಒಂದು ಹೊಳೆಯುವ ಕಾಗದವನ್ನು ಜ್ವರ ನೋಡುವ ಥರ್ಮಾಮೀಟರಿನಂತೆ ಬೆಳಕಿಗೆ ಹಿಡಿದು ನನಗೆ ಪಾಠ ಹೇಳತೊಡಗುವರು.

"ಕೇಳವಾ. ಇದರ ಸಲುವಾಗಿ ಎಲ್ಲೋ ಒಂದು ಗಿಡಾ ಬಿತ್ತು. ಲಾರಿ ಹೊತ್ಕೊಂಡು ಬಂತು. ಮಿಲ್ಲಿನ್ಯಾಗ ಹಾಕಿ ಕುದಿಸಿದ್ರು. ನೀರು ಕುಡೀತು, ಬ್ಲೀಚು ಕುಡೀತು, ಕರೆಂಟ್ ತಿಂತು. ಮ್ಯಾಲ ಮಸಿ. ಮಸಿ ಮ್ಯಾಲ ಪ್ಲಾಸ್ಟಿಕ್ಕಿನ ಹೊಳಪು. ಮತ್ತ ಲಾರಿ, ಮತ್ತ ಸೈಕಲ್ಲು. ಇಷ್ಟೆಲ್ಲಾ ಯಾತಕ್ಕ? ನಿಮ್ಮ ಕಾಕೂಗ ಹಲ್ಲು ಬ್ಯಾನಿ ಐತೇನು ಅಂತ ಕೇಳಾಕ!"

ಅಡಿಗೆಮನೆಯಿಂದ ಕಾಕುವಿನ ಉತ್ತರ: "ನನಗ ಹಲ್ಲು ಬ್ಯಾನಿ ಇಲ್ಲರೀ. ದಿನಾ ಇದನ್ನ ಕೇಳಿ ಕಿವಿ ಬ್ಯಾನಿ ಐತಿ!"

ಕಾಕಾ ಅದಕ್ಕೆಲ್ಲ ಜಗ್ಗುವವರೇ? "ಖರ್ಚು ಯಾರದು ಹೇಳು? ಅಂಗಡಿಯಂವ ತನ್ನ ಕಿಸೆದಿಂದ ಕೊಡ್ತಾನೇನು? ಗಾದಿ ರೇಟಿನ್ಯಾಗ ಸೇರಸ್ತಾನ. ಅಂದ್ರ ಈ ಕಸಾನ ನಾವ ರೊಕ್ಕಾ ಕೊಟ್ಟು ಕೊಂಡಂಗ ಆತು. ಬಳಿದು ಒಗಿಯಾಕ ಸೊಸೈಟಿ ಮತ್ತ ರೊಕ್ಕಾ ಕೊಡತೈತಿ. ಕೊಳ್ಳಾಕೂ ನಮ್ಮ ರೊಕ್ಕಾ, ಚೆಲ್ಲಾಕೂ ನಮ್ಮ ರೊಕ್ಕಾ!"

ಅವರು ಹೇಳುವುದರಲ್ಲಿ ಸುಳ್ಳೇನೂ ಇಲ್ಲ, ಅದೇ ಕಷ್ಟ. ರದ್ದಿಯವನು ಬಂದಾಗ ನಾನೇ ನೋಡಿದ್ದೇನೆ. ಹಳೆಯ ಪತ್ರಿಕೆಗಳನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಳ್ಳುತ್ತಾನೆ. ಹೊಳಪಿನ ಕಾಗದ ಬಂದ ಕೂಡಲೇ "ಆ ನಹೀ ಚಾಲೇ, ಕಾಕಾ", ಇದು ನಡೆಯುವುದಿಲ್ಲ ಎಂದು ತೆಗೆದು ಬದಿಗಿಡುತ್ತಾನೆ. ರದ್ದಿಗೂ ಬೇಡವಾದದ್ದು ನಮಗೆ ಹೇಗೆ ಬೇಕಾದೀತು?

ವಾಪಸು ಕೊಡುವ ಪದ್ಧತಿ ಹೀಗೆ ಹುಟ್ಟಿತು. ಒಂದು ರವಿವಾರ ನಾನೂ ಜೊತೆಗೆ ಹೋಗಿದ್ದೆ, ಕೋಚಿಂಗ್ ಕ್ಲಾಸಿಗೆ. ಅಲ್ಲಿದ್ದ ಹುಡುಗಿ ನಗುನಗುತ್ತ "ಮೊಮ್ಮಗ ಎಷ್ಟನೇ ಕ್ಲಾಸು ಕಾಕಾ?" ಎಂದು ಕೇಳಿದಳು. "ಮೊಮ್ಮಗ ಇಲ್ಲ, ಕಾಗದ ಇದೆ" ಎಂದು ಕಾಕಾ ಚೀಲ ಬೋರಲು ಹಾಕಿದರು. ಗದ್ದಲ ಕೇಳಿ ಕ್ಲಾಸಿನ ಯಜಮಾನ ಹೊರಗೆ ಬಂದ. ಕಾಕಾ ಅವನಿಗೂ ಗಿಡ ಬಿದ್ದದ್ದರಿಂದ ಆರಂಭಿಸಿದರು. ಕಾಗದದ ಮಿಲ್ಲು, ಅದರ ಬಾಯ್ಲರು, ಬಾಯ್ಲರಿನ ಒತ್ತಡ, ಉಗಿಯ ಉಷ್ಣ... ಪಾಠ ಎಷ್ಟು ಸೊಗಸಾಗಿ ಹರಿಯಿತೆಂದರೆ ಓಣಿಯಂಥ ಆ ವರಾಂಡದಲ್ಲಿ ಹುಡುಗರೆಲ್ಲ ಬಂದು ನಿಂತರು. ಯಜಮಾನ ಭಕ್ತಿಯಿಂದ ಕಾಕಾರ ಪಕ್ಕ ನಿಂತು ಒಂದು ಸೆಲ್ಫಿ ತೆಗೆದುಕೊಂಡ. ಕಾಕಾ ಗೆದ್ದ ಗತ್ತಿನಲ್ಲಿ ಮನೆಗೆ ಬಂದರು.

ಮುಂದಿನ ರವಿವಾರ ಪತ್ರಿಕೆ ಬಿಡಿಸಿದರೆ ಅದರೊಳಗಿಂದ ಯಾರು ಉದುರಿದರೆಂದುಕೊಂಡಿರಿ? ಸ್ವತಃ ಕಾಕಾ! ಕೋಚಿಂಗ್ ಕ್ಲಾಸಿನ ಹೊಸ ಪಾಂಪ್ಲೆಟ್ಟಿನಲ್ಲಿ, 'ಹಿರಿಯ ಇಂಜಿನಿಯರರ ಅಮೂಲ್ಯ ಮಾರ್ಗದರ್ಶನ' ಎಂಬ ಸಾಲಿನ ಕೆಳಗೆ, ಬಣ್ಣ ಬಣ್ಣವಾಗಿ, ಹೊಳೆಯುತ್ತ! ಮಂಜಲ್‌ಪುರದ ಮನೆಮನೆಯಲ್ಲೂ ಆ ಬೆಳಿಗ್ಗೆ ನಮ್ಮ ಕಾಕಾ ತೊಡೆಯ ಮೇಲೆ ಬಿದ್ದರು. ಜಗತ್ತಿನಲ್ಲಿ ತನ್ನನ್ನೇ ತಾನು ಚೀಲದಲ್ಲಿ ಹಾಕಿಕೊಂಡು ಹೋಗಿ ವಾಪಸು ಕೊಟ್ಟು ಬಂದ ಮನುಷ್ಯ ಇನ್ನೊಬ್ಬರಿದ್ದರೆ ನನಗೆ ತಿಳಿಸಿ. ಒಂದು ಪ್ರತಿಯನ್ನು ಮಾತ್ರ ಕಾಕು ಕಪಾಟಿನಲ್ಲಿ ಸೀರೆಯ ಕೆಳಗೆ ಬಚ್ಚಿಟ್ಟುಕೊಂಡರು. "ಫೋಟೋ ಭಾಳ ಚಂದ ಬಂದೈತಿ, ಲಗ್ನದಾಗೂ ಹಿಂಗ ಬಂದಿದ್ದಿಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆಮೇಲೆ ಕಾಕಾ ಬೋರ್ಡಿನ ದಾರಿ ಹಿಡಿದರು. 'ಇಲ್ಲಿ ಜಾಹೀರಾತಿನ ಕಾಗದ ಹಾಕಬಾರದು' ಎಂದು ಗುಜರಾತಿ, ಹಿಂದಿ, ಇಂಗ್ಲಿಷು, ಕನ್ನಡ ನಾಲ್ಕೂ ಭಾಷೆಗಳಲ್ಲಿ ಬರೆಸಿ ತಂದರು. ಕನ್ನಡ ಏಕೆ ಎಂದು ಕೇಳಿದೆ. "ಅಕಸ್ಮಾತ್ ನಮ್ಮಂವ ಯಾವನರ ಬಂದು ಹಾಕಿದ್ರ ಮರ್ಯಾದಿ ಹೋಗ್ತೈತಲ್ಲವಾ!" ಬೋರ್ಡು ಬಾಗಿಲಿಗೇರಿತು. ಸಂಜೆ ನೋಡಿದವರೆಲ್ಲ ನಗುತ್ತಿದ್ದರು. ನಾಲ್ಕು ಭಾಷೆಗಳ ಕೆಳಗೆ, ಅವೆಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, ಬೋರ್ಡು ಮಾಡಿದವನು ತನ್ನ ಅಂಗಡಿಯ ಹೆಸರು, ಫೋನ್ ನಂಬರು ಹಾಕಿ 'ಸುಂದರ ಬೋರ್ಡುಗಳಿಗಾಗಿ ಇಂದೇ ಸಂಪರ್ಕಿಸಿ' ಎಂದು ಬರೆದಿದ್ದ!

ಇನ್ನು ಸೂರತ್ತಿನ ಕಥೆ. ಯಾರದೋ ಮದುವೆಗೆಂದು ಕಾಕು ಒಮ್ಮೆ ಸೂರತ್ತಿನ ಅಂಗಡಿಯೊಂದರಿಂದ ಸೀರೆ ತರಿಸಿದ್ದರು. ಅಂದಿನಿಂದ ಆ ಅಂಗಡಿಯ ಕ್ಯಾಟಲಾಗು ಹಬ್ಬಹಬ್ಬಕ್ಕೂ ಟಪಾಲಿನಲ್ಲಿ ಬರುತ್ತದೆ. ದಪ್ಪವೆಂದರೆ ದಪ್ಪ, ತಲೆದಿಂಬು ಮಾಡಿಕೊಂಡು ಮಲಗಬಹುದು. ಬೇಡವೆಂದು ಕಾಕಾ ಫೋನು ಮಾಡಿದರು. ಹೊಸ ಸ್ಟಾಕಿಗೆ ಒಂದು ಒತ್ತಿ, ಹಳೆಯ ಆರ್ಡರಿಗೆ ಎರಡು ಒತ್ತಿ ಎಂದಿತು ಫೋನು. ಕಾಗದ ಬೇಡವೆನ್ನುವವರು ಎಷ್ಟು ಒತ್ತಬೇಕೆಂದು ಅದು ಹೇಳಲೇ ಇಲ್ಲ. "ಹಂಗಾದ್ರ ನಾನ ಹೋಗ್ತೇನಿ" ಎಂದು ಕಾಕಾ ಕ್ಯಾಟಲಾಗುಗಳನ್ನೆಲ್ಲ ಕಟ್ಟಿಕೊಂಡು ಹೊರಟರು. ಕಾಕು ಎಂದೂ ಇಲ್ಲದ ಉತ್ಸಾಹದಿಂದ ತಾನೂ ಬರುವೆನೆಂದರು. ಹೊರೆ ಹೊರಲು ನಾನು.

ಬೆಳಗಿನ ರೈಲು ಹಿಡಿದು ಸೂರತ್ತಿನ ಕಪಡಾ ಮಾರ್ಕೆಟ್ಟಿಗೆ ಹೋದೆವು. ಅಂಗಡಿಯ ಸೇಠ್ ನಮ್ಮನ್ನು ಬಿಳಿ ಗಾದಿಯ ಮೇಲೆ ಕೂರಿಸಿ ತಣ್ಣನೆಯ ಮಜ್ಜಿಗೆ ತರಿಸಿದ. ಕಾಕಾ ಗಂಟು ಬಿಚ್ಚಿ ಗಿಡದ ಪಾಠ ಆರಂಭಿಸಿದರು. ಸೇಠ್ ಅದನ್ನೆಲ್ಲ ಕೇಳುತ್ತ, ತಲೆಯಾಡಿಸುತ್ತ, ಮೇಲಿನ ಕ್ಯಾಟಲಾಗನ್ನು ತೆಗೆದು ಹಾಳೆ ತಿರುವಿದ. ಅಲ್ಲಲ್ಲಿ ಹಾಳೆಗಳ ಮೂಲೆಯನ್ನು ಯಾರೋ ಅಂದವಾಗಿ ಮಡಚಿಟ್ಟಿದ್ದರು! ಸೇಠ್ ಕಾಕುವಿನತ್ತ ನೋಡಿದ. ಕಾಕು ಛಾವಣಿಯ ಫ್ಯಾನಿನತ್ತ ನೋಡಿದರು. ಗಿಡದ ಪಾಠ ಲಾರಿಯವರೆಗೆ ಬರುವಷ್ಟರಲ್ಲಿ ಮಡಚಿದ ಹಾಳೆಗಳ ಸೀರೆಗಳೆಲ್ಲ ಗಾದಿಯ ಮೇಲೆ ಬಿಚ್ಚಿಕೊಂಡಿದ್ದವು.

ಹೋಗುವಾಗ ಇದ್ದದ್ದಕ್ಕಿಂತ ದೊಡ್ಡ ಗಂಟಿನೊಂದಿಗೆ ಬರೋಡಾದಲ್ಲಿ ಇಳಿದೆವು. ಆದರೂ ಕಾಕಾ ಸೋಲೊಪ್ಪಲಿಲ್ಲ. ಸೇಠ್ ಕಾಕಾರ ಕಣ್ಣೆದುರೇ ಕಾಕುವಿನ ವಿಳಾಸವನ್ನು ಅಳಿಸಿದ್ದ. ಅಳಿಸಿದ್ದು ನಿಜ. ಬಿಲ್ಲಿಗೆ ಬೇಕೆಂದು ನನ್ನ ವಿಳಾಸ ಬರೆದುಕೊಂಡದ್ದೂ ನಿಜ. ಈಗ ಆ ಕ್ಯಾಟಲಾಗು ನನ್ನ ರೂಮಿಗೆ ಬರುತ್ತದೆ. ಕಾಕು ಅಲ್ಲಿಗೇ ಬಂದು ಮೂಲೆ ಮಡಚಿ ಹೋಗುತ್ತಾರೆ.

ಇಷ್ಟು ಹೇಳಿ ಎದುರುಮನೆಯ ಮಾಸ್ಟರ್‌ಜಿಯನ್ನು ಬಿಟ್ಟರೆ ಕಥೆ ಒಂಟಿ ಕಾಲಿನದಾದೀತು. ಕಾಕಾರ ಬಾಗಿಲಿಗೆ ಎದುರುಬದುರಾಗಿ ಅವರ ಬಾಗಿಲು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದ ಗುಜರಾತಿನವರು. ಮದುವೆ ಆಗಲಿಲ್ಲ, ಒಬ್ಬರೇ ಇರುವುದು, ಪತ್ರಿಕೆಯನ್ನೂ ತರಿಸುವುದಿಲ್ಲ. ಅವರಿಗೆ ಪಾಂಪ್ಲೆಟ್ಟೆಂದರೆ ಪಂಚಪ್ರಾಣ! ಕಾಗದ ಬಾಗಿಲಿಗೆ ತಾಗಿದ ಸದ್ದಿಗೇ ಬಾಗಿಲು ತೆರೆದು ಎಳೆದುಕೊಂಡು, ಕನ್ನಡಕ ಏರಿಸಿ, ಮೊದಲ ಅಕ್ಷರದಿಂದ ಕೊನೆಯಲ್ಲಿರುವ 'ಷರತ್ತುಗಳು ಅನ್ವಯಿಸುತ್ತವೆ' ಎಂಬುದರ ತನಕ ಓದುತ್ತಾರೆ. ಯಾವ ಅಂಗಡಿಯ ಉದ್ಘಾಟನೆ ಯಾವತ್ತು, ಎಲ್ಲಿ ತಿನ್ನಲು ಖಮಣ್ ಕೊಡುತ್ತಾರೆ, ಎಲ್ಲಿ ಬರಿ ಪೆನ್ನು ಕೊಟ್ಟು ಕಳಿಸುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. ಕಾಕಾಗೆ ಕಸವಾದದ್ದು ಮಾಸ್ಟರ್‌ಜಿಗೆ ಸಾಹಿತ್ಯ.

ಇಂಥ ಇಬ್ಬರು ಒಂದೇ ಮಹಡಿಯಲ್ಲಿದ್ದರೆ ಏನಾಗಬೇಕೋ ಅದೇ ಆಯಿತು. ಒಂದು ಮಳೆಗಾಲದಲ್ಲಿ ಸೊಸೈಟಿಯ ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತಿತು. ಬರೋಡಾದಲ್ಲಿ ನೀರು ನಿಂತರೆ ಜನ ಮೊದಲು ನೋಡುವುದು ಮೊಸಳೆ ಬಂದಿದೆಯೇ ಎಂದು. ವಿಶ್ವಾಮಿತ್ರಿ ನದಿಯ ಮೊಸಳೆಗಳಿಗೆ ಮಳೆಗಾಲದಲ್ಲಿ ಊರು ಸುತ್ತುವ ಚಟ. ಎಲ್ಲರೂ ಮೆಟ್ಟಿಲ ಮೇಲೆ ನಿಂತು ಹೆದರುತ್ತಿದ್ದರೆ ಕಾಕಾ ಲುಂಗಿ ಎತ್ತಿ ಕಟ್ಟಿ, ಬಿದಿರಿನ ಗಳ ಹಿಡಿದು ನೀರಿಗಿಳಿದರು. ಗಟಾರದ ಬಾಯಿಗೆ ಗಳ ಹಾಕಿ ಜಗ್ಗಿದರೆ ಮೊಸಳೆಯಷ್ಟೇ ಉದ್ದದ ಒಂದು ಮುದ್ದೆ ಬಂತು. ಬರೀ ಹೊಳಪಿನ ಕಾಗದ! ನೀರು ಗುಳುಗುಳು ಇಳಿಯತೊಡಗಿತು. ಮುದ್ದೆಯ ಮೇಲಿನ ಹಾಳೆಯನ್ನು ಕಾಕಾ ಬಿಡಿಸಿ ಎಲ್ಲರಿಗೂ ತೋರಿಸಿದರು: 'ನಿಮ್ಮ ಕನಸಿನ ಮನೆ, ಕಿಟಕಿಯಿಂದಲೇ ನದಿಯ ನೋಟ!'

"ನೋಡ್ರಿ, ಮನಿ ಕೊಳ್ಳೂದ ಬ್ಯಾಡ, ನದೀನ ನಮ್ಮನ್ನ ನೋಡಾಕ ಬಂತು" ಎಂದು ಕನ್ನಡದಲ್ಲೇ ಹೇಳಿ ನಕ್ಕರು. ಅರ್ಥವಾದದ್ದು ನನಗೂ ಕಾಕುವಿಗೂ ಮಾತ್ರ.

ಅದೇ ಬಿಸಿಯಲ್ಲಿ ಸೊಸೈಟಿಯ ಮೀಟಿಂಗು ಕರೆಸಿ, ಪಾಂಪ್ಲೆಟ್ ಹಂಚುವವರನ್ನು ಗೇಟಿನಲ್ಲೇ ತಡೆಯಬೇಕೆಂದು ಕಾಕಾ ಸೂಚಿಸಿದರು. ಮಾಸ್ಟರ್‌ಜಿ ಎದ್ದು ನಿಂತರು. "ನನ್ನ ಬಾಗಿಲಿಗೆ ಬರುವುದೇ ಅವು, ಸಾಹೇಬ್. ನನಗೆ ಇನ್ನಾರು ಕಾಗದ ಹಾಕುತ್ತಾರೆ? ಗಾದಿ ಅಂಗಡಿಯವನಾದರೂ 'ಪ್ರಿಯ ಬಂಧು' ಅನ್ನುತ್ತಾನೆ!" ಎಂದು ಗುಜರಾತಿಯಲ್ಲಿ ಅಂದರು. ಎಲ್ಲರೂ ನಕ್ಕರು. ಚೇರ್ಮನ್ನರಿಗೆ ತಮ್ಮ ಭಾವಮೈದುನನ ಮಿಠಾಯಿ ಅಂಗಡಿಯ ಕಾಗದವೂ ಇದರಲ್ಲಿ ಸೇರುತ್ತದೆಂದು ಸಕಾಲಕ್ಕೆ ನೆನಪಾಗಿ ವಿಷಯವನ್ನು ಮುಂದೂಡಿದರು. ಅಂದಿನಿಂದ ಕಾಕಾ, ಮಾಸ್ಟರ್‌ಜಿ ಮಾತು ಬಿಟ್ಟರು. ಲಿಫ್ಟಿನಲ್ಲಿ ಒಟ್ಟಿಗೆ ಸಿಕ್ಕಿಬಿದ್ದರೆ ಒಬ್ಬರು ಗುಂಡಿಗಳನ್ನು ನೋಡುವರು, ಇನ್ನೊಬ್ಬರು ತಮ್ಮ ಚಪ್ಪಲಿಗಳನ್ನು.

ದೀಪಾವಳಿ ಹತ್ತಿರವಾಗಿತ್ತು. ಅಂದು ರವಿವಾರ ನಾನು ಮೆಟ್ಟಿಲು ಹತ್ತಿ ಬಂದಾಗ ಕಾಕಾ ಚೀಲ ಹಿಡಿದು ಎದುರುಮನೆಯ ಬಾಗಿಲ ಮುಂದೆ ನಿಂತಿದ್ದರು. ಸಂದಿಯಲ್ಲಿ ಗಾದಿ ಅಂಗಡಿಯ ಸೇಲಿನ ಕಾಗದ ನೇತಾಡುತ್ತಿತ್ತು. ಅದರ ಕೆಳಗೆ ಹಿಂದಿನ ಸಂಜೆಯದೂ ಒಂದಿತ್ತು.

"ಇದು ಸರಿ ಇಲ್ಲವಾ" ಎಂದರು ಕಾಕಾ. ದನಿ ಬೇರೆಯಾಗಿತ್ತು.

ಕಾಕು ಹೊರಗೆ ಬಂದರು. "ಊರಿಗೆ ಹೋಗಿರಬೇಕು, ಬಿಡ್ರಿ."

"ಊರಿಗೆ ಹೋಗೂದಿದ್ರ ತುಳಸಿಗೆ ನೀರು ಹಾಕ್ರಿ ಅಂತ ನಿನಗ ಹೇಳಿ ಹೋಗ್ತಿದ್ದ. ಗಾದಿ ಒಂದು ಕೊಂಡ್ರ ಒಂದು ಫ್ರೀ ಅಂತ ಬರದೈತಿ. ಇದನ್ನ ಅಂವ ಬಿಡ್ತಾನ?"

ಸಂದಿಯ ಕಾಗದವನ್ನು ಎಳೆದುಕೊಂಡು ಗಂಟೆ ಒತ್ತಿದರು. ಬಾಗಿಲು ಬಡಿದರು. ನಾನು ಫೋನು ಮಾಡಿದೆ. ಒಳಗೆ ಅದು ಹಾರ್ಮೋನಿಯಮ್ಮಿನ ದನಿಯಲ್ಲಿ ಮೊಳಗುತ್ತಲೇ ಇತ್ತು. ಕಾಕಾ ಚೀಲವನ್ನು ಅಲ್ಲೇ ಒಗೆದು ವಾಚ್‌ಮನ್ನನನ್ನು ಕೂಗಿದರು. ಇಬ್ಬರೂ ಸೇರಿ ಭುಜ ಕೊಟ್ಟು ನೂಕಿದಾಗ ಹಳೆಯ ಚಿಲಕ ಕಿತ್ತು ಬಂತು.

ಮಾಸ್ಟರ್‌ಜಿ ಅಡಿಗೆಮನೆಯ ಹೊಸ್ತಿಲಲ್ಲಿ ಬಿದ್ದಿದ್ದರು. ಮೈಯೆಲ್ಲ ಬೆವರು, ಬಾಯಲ್ಲಿ ಏನೋ ತೊದಲು. ಸಕ್ಕರೆ ಕಾಯಿಲೆಯವರು, ಸಕ್ಕರೆ ಇಳಿದುಹೋಗಿತ್ತು. ಕಾಕು ಓಡಿ ಹೋಗಿ ಸಕ್ಕರೆ ತಂದು ಅವರ ಒಸಡಿಗೆ ತಿಕ್ಕಿದರು. ಕಾಕಾ ನೆಲದ ಮೇಲೆ ಕೂತು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಮಾಸ್ಟರ್‌ಜಿ, ಕಣ್ಣು ತಗೀರಿ, ಏ ಮಾಸ್ಟರ್‌ಜಿ" ಎಂದು ಕನ್ನಡದಲ್ಲಿ ಕರೆಯುತ್ತಲೇ ಇದ್ದರು. ಆಂಬುಲೆನ್ಸಿನಲ್ಲಿ ಕೂತ ಮೇಲೆ ನಾನು ನೋಡಿದೆ: ಕಾಕಾರ ಕೈಯಲ್ಲಿ ಆ ಗಾದಿ ಅಂಗಡಿಯ ಕಾಗದ ಇನ್ನೂ ಇತ್ತು. ಅದರಿಂದಲೇ ಅವರು ಮಾಸ್ಟರ್‌ಜಿಗೆ ಗಾಳಿ ಹಾಕುತ್ತಿದ್ದರು.

ತಡವಾಗಿದ್ದರೆ ಕೈ ಮೀರುತ್ತಿತ್ತು ಎಂದರು ಡಾಕ್ಟರು. ಮಧ್ಯಾಹ್ನದ ಹೊತ್ತಿಗೆ ಮಾಸ್ಟರ್‌ಜಿ ಕಣ್ಣು ಬಿಟ್ಟು, ಮಂಚದ ಪಕ್ಕದಲ್ಲಿ ಕೂತಿದ್ದ ತಮ್ಮ ವೈರಿಯನ್ನು ನೋಡಿ, "ನಿಮಗೆ ಹೇಗೆ ಗೊತ್ತಾಯಿತು, ಸಾಹೇಬ್?" ಎಂದು ಕೇಳಿದರು.

ಕಾಕಾ ಕಿಟಕಿಯತ್ತ ತಿರುಗಿದರು. "ನಿಮ್ಮ ಬಾಗಿಲಲ್ಲಿ ಕಸ ಬಿದ್ದಿತ್ತು. ಸೊಸೈಟಿ ಸ್ವಚ್ಛ ಇರಬೇಕಲ್ಲ!"

ಮಾಸ್ಟರ್‌ಜಿ ಮನೆಗೆ ಬಂದರು. ಮುಂದಿನ ಮೀಟಿಂಗಿನಲ್ಲಿ ಅವರೇ ಎದ್ದು ನಿಂತು, ಸಾಹೇಬರ ಮಾತಿನಂತೆ ಪಾಂಪ್ಲೆಟ್ಟಿನವರನ್ನು ಗೇಟಿನಲ್ಲೇ ತಡೆಯೋಣ ಎಂದರು. ಈ ಸಲ ಚೇರ್ಮನ್ನರೂ ಕೈಯೆತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೆಟ್ಟಿಲು, ಬಾಗಿಲು, ಗಟಾರ ಎಲ್ಲ ಸ್ವಚ್ಛವಾದವು. ಇನ್ನು ಪತ್ರಿಕೆಯೊಳಗೆ ಬರುವ ಕಾಗದ ಮಾತ್ರ ಉಳಿಯಿತು, ಅದನ್ನು ಗೇಟಿನಲ್ಲಿ ತಡೆಯುವುದು ಹೇಗೆ? ಅಂತೂ ಕಾಕಾ ಗೆದ್ದರೆಂದು ನಾನು ಪೇಢಾ ತೆಗೆದುಕೊಂಡು ಹೋದೆ. ಕಾಕಾ ಪೇಢಾ ತಿಂದರು. ಆದರೆ ಗೆದ್ದವರ ಮುಖ ಅದಾಗಿರಲಿಲ್ಲ.

ಕಾರಣ ತಿಳಿದದ್ದು ಚಳಿಗಾಲದ ಒಂದು ಬೆಳಿಗ್ಗೆ. ಕಾರ್ಖಾನೆಗೆ ರಜೆಯಿತ್ತು. ಬೇಗ ಎದ್ದು ಕಾಕುವಿನ ಕೈಯ ಉಪ್ಪಿಟ್ಟಿಗೆಂದು ಹೋದೆ. ಕಾಕಾ ಪತ್ರಿಕೆ ಬಿಡಿಸಿ, ಅದರೊಳಗಿನ ಕಾಗದಗಳನ್ನು ಒಂದೊಂದಾಗಿ ತೆಗೆದು, ತರಕಾರಿ ಆರಿಸುವಂತೆ ಆರಿಸುತ್ತಿದ್ದರು. ಕೊನೆಗೆ ಫರ್ಸಾಣ್ ಎಂಬ ಕುರುಕಲು ತಿಂಡಿಯ ಹೊಸ ಅಂಗಡಿಯ ಉದ್ಘಾಟನೆಯದೊಂದನ್ನು ಹಿಡಿದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಹೋಗಿ ಎದುರುಮನೆಯ ಬಾಗಿಲ ಸಂದಿಗೆ ಮೆಲ್ಲಗೆ ಸಿಕ್ಕಿಸಿದರು. ಹಿಂದಿರುಗಿ ಬಂದು ನಮ್ಮ ಬಾಗಿಲನ್ನು ಗೆರೆಯಷ್ಟೇ ತೆರೆದಿಟ್ಟು ಅದರ ಹಿಂದೆ ನಿಂತರು.

"ಕಾಕಾ! ನೀವ ಪಾಂಪ್ಲೆಟ್ ಹಾಕಾಕತ್ತೀರೇನ್ರಿ?"

"ಶ್! ಸಾವಕಾಶ ಮಾತಾಡು."

"ಬೆಲ್ ಹೊಡದು ಹೆಂಗದೀರಿ ಅಂತ ಕೇಳಿದ್ರ ಮುಗೀತಲ್ರೀ."

"ದಿನಾ ಬೆಲ್ ಹೊಡದ್ರ, ಇಂವ ನನ್ನ ಕಾಯಾಕತ್ತಾನ ಅಂತ ಅಂವಗ ತಿಳೀತೈತಿ. ಇಷ್ಟು ವರ್ಷ ಒಬ್ಬನ ಬದುಕಿದ ಮನಶಾ, ಮನಸಿಗೆ ಹತ್ತತೈತವಾ."

ನಾನೂ ಅವರ ಹಿಂದೆ ನಿಂತೆ. ಕೆಳಗೆ ಹಾಲಿನವನ ಸ್ಕೂಟರು ಬಂದು ಹೋಯಿತು. ಕಾಕಾ ಕಣ್ಣು ಕದಲಿಸಲಿಲ್ಲ. ಆಮೇಲೆ ಎದುರಿನ ಹೊಸ ಚಿಲಕದ ಸದ್ದಾಯಿತು, ಬಾಗಿಲು ಅಂಗೈಯಗಲ ತೆರೆಯಿತು. ಸ್ವೆಟರಿನ ತೋಳೊಂದು ಹೊರಗೆ ಬಂದು ಕಾಗದವನ್ನು ಎಳೆದುಕೊಂಡಿತು. ಒಳಗಿನಿಂದ ಯಾವುದೋ ರಾಗದ ಗುನುಗು ಕೇಳಿತು, ಬಾಗಿಲು ಮುಚ್ಚಿಕೊಂಡಿತು.

ಕಾಕಾ ಕುರ್ಚಿಗೆ ಬಂದು ಕೂತು ಕಾಲು ಚಾಚಿದರು. "ಈಗ ಚಹಾ ಇಡು ಅಂತ ಹೇಳವಾ ನಿಮ್ಮ ಕಾಕೂಗ."

ಆ ಬಾಗಿಲು ತೆರೆಯುವ ತನಕ ಅವರು ಚಹಾ ಕುಡಿಯುವುದಿಲ್ಲವೆಂದು ಕಾಕು ನನಗೆ ಒಳಗೆ ಹೇಳಿದರು.